ಅಡಿಕೆ ಮರ ಹತ್ತುವವರು ಸಿಗದಿದ್ದಾಗ ಯಾರು ಹೇಗೆ ಯೋಚಿಸಿದರು? ಬನ್ನಿ, ಮಾತಾಡೋಣ

ಪುತ್ತೂರು ತೋಟ:
ಎಲ್ಲರಿಗೂ ನಮಸ್ಕಾರ. "ಕ್ರಿಯೇಟಿವ್ ಆಗಿ ಯೋಚಿಸಿ" ಅಂತ ಈಗ ಎಲ್ಲ ಕಡೆ ಹೇಳುತ್ತಾರೆ. ಮಕ್ಕಳ ಶಾಲೆಯಲ್ಲಿ, ಆಫೀಸಿನ ತರಬೇತಿಯಲ್ಲಿ, ಯೂಟ್ಯೂಬಿನಲ್ಲಿ. ಆದರೆ ಹಾಗೆ ಯೋಚಿಸಿದರೆ ಕೆಲಸ ಹೇಗೆ ಬದಲಾಗುತ್ತದೆ ಅಂತ ತೋರಿಸುವವರು ಕಡಿಮೆ. ಅದನ್ನು ಕಣ್ಣಾರೆ ನೋಡಬೇಕಾದರೆ ನಮ್ಮ ಅಡಿಕೆ ತೋಟಕ್ಕೆ ಬನ್ನಿ ಅಂತ ನಾನು ಹೇಳುತ್ತೇನೆ.

ಸಮಸ್ಯೆ ಗೊತ್ತಿರುವುದೇ. ಮರ 50–60 ಅಡಿ ಎತ್ತರ. ಮಳೆಗಾಲದಲ್ಲಿ ಎರಡು ಮೂರು ಸಲ ಮದ್ದು ಬಿಡಬೇಕು, ಆಮೇಲೆ ಮೂರು ನಾಲ್ಕು ಸಲ ಕೊಯ್ಲು. ಪ್ರತಿ ಸಲವೂ ಯಾರಾದರೂ ತುದಿಯವರೆಗೆ ಹೋಗಲೇಬೇಕು. ಆ ಕೆಲಸ ಗೊತ್ತಿರುವವರಿಗೆ ವಯಸ್ಸಾಯಿತು, ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದರು. ಜೀವಕ್ಕೆ ಅಪಾಯ ಇರುವ ಕೆಲಸ, ಬಿಟ್ಟಿದ್ದರಲ್ಲಿ ತಪ್ಪೇನೂ ಇಲ್ಲ.

ಈ ಒಂದು ಸಮಸ್ಯೆಗೆ ಬಂದ ಉತ್ತರಗಳನ್ನು ನೋಡಿ. ಬಂಟ್ವಾಳ ತಾಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಮರ ಹತ್ತುವ ಬೈಕ್ ಮಾಡಿದರು. ಸಣ್ಣ ಪೆಟ್ರೋಲ್ ಎಂಜಿನ್, ಮರವನ್ನು ಹಿಡಿದುಕೊಳ್ಳುವ ಚಕ್ರಗಳು, ಕೂರಲು ಸೀಟು, ಕೈಯಲ್ಲಿ ಬ್ರೇಕ್. ಅರ್ಧ ನಿಮಿಷದಲ್ಲಿ ಮೇಲೆ. 2019ರಲ್ಲಿ ಅದರ ವಿಡಿಯೊವನ್ನು ಉದ್ಯಮಿ ಆನಂದ್ ಮಹೀಂದ್ರಾ ಹಂಚಿಕೊಂಡ ಮೇಲೆ ದೇಶವೇ ನೋಡಿತು. ಇನ್ನು ಕೆಲವರು ಹತ್ತುವುದನ್ನೇ ಬಿಟ್ಟರು. ಕಾರ್ಬನ್ ಫೈಬರ್ ದೋಟಿ (ತುದಿಗೆ ಕತ್ತಿ ಇರುವ ಉದ್ದನೆಯ ಕೋಲು) ಹಿಡಿದು ನೆಲದ ಮೇಲೆ ನಿಂತೇ ಗೊನೆ ಕೊಯ್ದರು, ಅದೇ ದೋಟಿಯ ತುದಿಗೆ ನಾಝಲ್ ಕಟ್ಟಿ ಮದ್ದನ್ನೂ ಬಿಟ್ಟರು. ವಿಟ್ಲದ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಹಿರೇಹಳ್ಳಿ ಗಿಡ್ಡ ತಳಿಯ ಜೊತೆ ಸುಮಂಗಳ, ಮೋಹಿತ್‌ನಗರ ತಳಿಗಳನ್ನು ಸೇರಿಸಿ ಗಿಡ್ಡ ಮರಗಳನ್ನೇ ಬೆಳೆಸಿದರು.

ಮೂವರೂ ಕೇಳಿಕೊಂಡ ಪ್ರಶ್ನೆ ಬೇರೆ ಬೇರೆ, ಗಮನಿಸಿದಿರಾ? ಒಬ್ಬರು "ಹತ್ತುವುದನ್ನು ಸುಲಭ ಮಾಡುವುದು ಹೇಗೆ" ಅಂದರು. ಇನ್ನೊಬ್ಬರು "ಹತ್ತದೆ ಗೊನೆ ಇಳಿಸಲು ಆಗುತ್ತದಾ" ಅಂದರು. ಮತ್ತೊಬ್ಬರು "ಮರ ಇಷ್ಟು ಎತ್ತರ ಇರಲೇಬೇಕಾ" ಅಂತ ಕೇಳಿದರು. ಪ್ರಶ್ನೆ ಬದಲಾದ ತಕ್ಷಣ ಹುಡುಕುವ ಜಾಗವೂ ಬದಲಾಯಿತು. ನನ್ನ ಮಟ್ಟಿಗೆ ಸೃಜನಶೀಲತೆ ಅಂದರೆ ಇದೇ. ನಿಮ್ಮೂರಲ್ಲಿ ಕಂಡದ್ದನ್ನು ಬರೆಯಿರಿ.

ಶಿರಸಿ ಸೀಮೆ:
ಒಳ್ಳೆಯ ವಿಷಯ ತೆಗೆದಿರಿ. ಒಂದು ಮಾತು ಸೇರಿಸಬೇಕು. ಹೊಸ ಯಂತ್ರ ಬಂದರೆ ಮಾತ್ರ ಹೊಸ ಯೋಚನೆ ಅಂತ ಆಗಬಾರದು. ನಮ್ಮ ಕಡೆ ಕೊನೆಗೌಡರು, ಅಂದರೆ ಅಡಿಕೆ ಕೊಯ್ಯುವವರು, ಮರ ಹತ್ತುವುದನ್ನು ನೋಡಿದ್ದೀರಾ? ಒಂದು ಮರದ ಕೊನೆ (ಗೊನೆ) ಕೊಯ್ದ ಮೇಲೆ ಅವರು ಕೆಳಗೆ ಇಳಿಯುವುದಿಲ್ಲ. ಮೇಲೆಯೇ ಮರವನ್ನು ತೂಗಿ, ಪಕ್ಕದ ಮರ ಹಿಡಿದು, ಅತ್ತ ದಾಟುತ್ತಾರೆ. ಕೊಯ್ದ ಕೊನೆ ನೆಲಕ್ಕೆ ಬಿದ್ದು ಚೆಲ್ಲಾಪಿಲ್ಲಿ ಆಗಬಾರದು ಅಂತ ಹಗ್ಗದ ಮೇಲೆ ಜಾರಿಸಿ ಇಳಿಸುತ್ತಾರೆ, ಕೆಳಗೆ ಒಬ್ಬರು ಹಗ್ಗ ಹಿಡಿದು ನಿಂತಿರುತ್ತಾರೆ. ಯಂತ್ರದಲ್ಲಿ ಪ್ರತಿ ಮರಕ್ಕೂ ಇಳಿದು, ಬಿಚ್ಚಿ, ಮುಂದಿನ ಮರಕ್ಕೆ ಕಟ್ಟಬೇಕು. ಆ ದಾಟುವ ಉಪಾಯ ಕಂಡುಹಿಡಿದವರ ಹೆಸರು ಯಾವ ಪತ್ರಿಕೆಯಲ್ಲೂ ಬಂದಿಲ್ಲ. ಆದರೆ ಅದಕ್ಕಿಂತ ಜಾಸ್ತಿ ತಲೆ ಓಡಿಸಿದ ಕೆಲಸ ನಾನು ಕಂಡಿಲ್ಲ.

ಕೊಟ್ಟೆ ಕಟ್ಟುವುದೂ ಹಾಗೇ. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಔಷಧಿ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಅಡಿಕೆ ಕೊನೆಗೆ ಮಳೆನೀರು ತಾಗದಂತೆ ಅಡಿಕೆ ಹಾಳೆಯದೋ ಹುಲ್ಲಿನದೋ ಹೊದಿಕೆ ಕಟ್ಟುತ್ತಿದ್ದರು. ರೋಗದ ಕಾರಣ ಅವರಿಗೆ ಗೊತ್ತಿರಲಿಲ್ಲ. ನೀರು ನಿಂತರೆ ಕೊಳೆ ಬರುತ್ತದೆ ಅನ್ನುವಷ್ಟು ಗೊತ್ತಿತ್ತು, ಅಷ್ಟನ್ನು ಹಿಡಿದು ಉಪಾಯ ಮಾಡಿದರು. ಈಗಲೂ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವವರು ಇದ್ದಾರೆ.

ಮೆಕ್ಯಾನಿಕಲ್ ಹುಡುಗ:
ಪುತ್ತೂರಿನ ಅಣ್ಣನ ಮಾತನ್ನು ಅರ್ಧ ಒಪ್ಪುತ್ತೇನೆ. ಪ್ರಶ್ನೆ ಬದಲಾಯಿಸುವುದು ಮುಖ್ಯ, ಸರಿ. ಆದರೆ ವಿಷಯ ಆಳವಾಗಿ ಗೊತ್ತಿಲ್ಲದೆ ಬರೀ ಪ್ರಶ್ನೆ ಬದಲಾಯಿಸಿದರೆ ಏನೂ ಸಿಗುವುದಿಲ್ಲ. ಇದನ್ನು ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ನೀವೆಲ್ಲ ಕೊಳೆರೋಗಕ್ಕೆ ವರ್ಷವರ್ಷ ಬಿಡುವ ಬೋರ್ಡೋ ದ್ರಾವಣ ಹುಟ್ಟಿದ್ದೇ ಹಾಗೆ.

ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದ್ರಾಕ್ಷಿ ತೋಟಗಳು. 19ನೇ ಶತಮಾನದ ಕೊನೆ ಭಾಗ. ಅಮೆರಿಕದಿಂದ ಬಂದ ಫಿಲಾಕ್ಸೆರಾ ಅನ್ನುವ ಕೀಟ ಬಳ್ಳಿಗಳ ಬೇರು ತಿಂದು ಹಾಕಿತ್ತು. ಅದಕ್ಕೆ ಪರಿಹಾರ ಅಂತ ಅಮೆರಿಕದ ಬಳ್ಳಿಗಳನ್ನು ತರಿಸಿ ಕಸಿ ಕಟ್ಟಿದರು. ಅವುಗಳ ಜೊತೆ ಬೂಜು ರೋಗ ಬಂತು. ಅದೇ ಹೊತ್ತಿಗೆ ಅಲ್ಲಿನ ರೈತರಿಗೆ ಇನ್ನೊಂದು ತಲೆನೋವು, ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನುತ್ತಿದ್ದರು. ಅದಕ್ಕೆ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ಎಲೆ ನೀಲಿ ಆಗುತ್ತದೆ, ನೋಡಿದವರಿಗೆ ವಿಷ ಅನಿಸುತ್ತದೆ, ಯಾರೂ ಮುಟ್ಟುವುದಿಲ್ಲ.

1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಮಿಲಾರ್ಡೆ ಆ ದಾರಿಯಲ್ಲಿ ಬರುವಾಗ ಒಂದು ಸಂಗತಿ ಗಮನಿಸಿದರು. ತೋಟದ ಒಳಗಿನ ಬಳ್ಳಿಗಳೆಲ್ಲ ಎಲೆ ಉದುರಿಸಿ ನಿಂತಿವೆ. ರಸ್ತೆ ಬದಿಯ ನೀಲಿ ಬಳ್ಳಿಗಳು ಮಾತ್ರ ಚೆನ್ನಾಗಿವೆ. ಅವರು ಅದರ ಬೆನ್ನು ಹತ್ತಿದರು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು.

ಈಗ ಯೋಚಿಸಿ. ಆ ರಸ್ತೆಯಲ್ಲಿ ನಡೆದವರು ಎಷ್ಟು ಜನ ಇರಬಹುದು? ಎಲ್ಲರಿಗೂ ಕಂಡದ್ದು ನೀಲಿ ಎಲೆ. ಮಿಲಾರ್ಡೆಗೆ ಮಾತ್ರ ಅದರಲ್ಲಿ ಔಷಧಿ ಕಂಡಿತು. ಯಾಕೆಂದರೆ ಆ ರೋಗದ ಬಗ್ಗೆ ಮೊದಲೇ ಕೆಲಸ ಮಾಡುತ್ತಿದ್ದರು, ಅದು ಹೇಗೆ ಹರಡುತ್ತದೆ ಅಂತ ಗೊತ್ತಿತ್ತು. ಹಾಗಾಗಿ "ಹೊಸದಾಗಿ ಯೋಚಿಸು" ಅಂತ ಮಕ್ಕಳಿಗೆ ಹೇಳುವ ಮೊದಲು "ಒಂದು ವಿಷಯವನ್ನು ಚೆನ್ನಾಗಿ ಕಲಿ" ಅಂತ ಹೇಳಬೇಕು ಅನ್ನುವುದು ನನ್ನ ಪಟ್ಟು.

ಪುತ್ತೂರು ತೋಟ:
ಈ ಕಥೆಗೆ ನಮ್ಮ ಊರಿನ ಕೊನೆ ಇದೆ, ಹೇಳಲೇಬೇಕು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಲೆಸ್ಲಿ ಕೋಲ್ಮನ್ ಬಂದರು. ಕೆನಡಾದವರು. ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಸರ್ಕಾರದ ಕೆಲಸಕ್ಕೆ ಸೇರಿದರು. ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಬರೆದರು. ಬೋರ್ಡೋ ದ್ರಾವಣ ಅಡಿಕೆಗೂ ಹಿಡಿಯುತ್ತದೆ ಅಂತ ತೋರಿಸಿಕೊಟ್ಟರು. ದ್ರಾಕ್ಷಿಯ ಬೂಜು ರೋಗದ ಜೀವಿ ಮತ್ತು ನಮ್ಮ ಕೊಳೆರೋಗದ ಫೈಟೊಫ್ತೋರಾ ಒಂದೇ ದೊಡ್ಡ ಕುಟುಂಬದವು. ಎರಡಕ್ಕೂ ಎಲೆ ಕಾಯಿ ಮೇಲೆ ನೀರಿನ ಪಸೆ ಬೇಕು. ತಾಮ್ರದ ತೆಳು ಪದರ ಮೊದಲೇ ಕೂತಿದ್ದರೆ ರೋಗಾಣು ಮೊಳೆಯುವುದಿಲ್ಲ. ಅದಕ್ಕೇ ಮಳೆ ಹಿಡಿಯುವ ಮೊದಲು ಒಂದು ಸಲ ಬಿಟ್ಟು, 40–45 ದಿನಕ್ಕೆ ಮತ್ತೆ ಬಿಡುವುದು.

100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ದ್ರಾಕ್ಷಿ ಕಳ್ಳರನ್ನು ಹೆದರಿಸಲು ಕಲಸಿದ ವಸ್ತು 140 ವರ್ಷ ಆದರೂ ನಮ್ಮ ತೋಟ ಕಾಯುತ್ತಿದೆ. ಇದನ್ನು ಓದುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ ಮಾರಾಯ್ರೆ.

ಶಾಲೆ ಮೇಷ್ಟ್ರು:
ಮೆಕ್ಯಾನಿಕಲ್ ಹುಡುಗನ ಮಾತು ಕೇಳಿ ಖುಷಿಯಾಯಿತು. ಆದರೂ ಒಂದು ತಕರಾರು ಇದೆ. ತುಂಬಾ ಗೊತ್ತಿರುವುದೇ ಕೆಲವು ಸಲ ಕಣ್ಣಿಗೆ ಪಟ್ಟಿ ಕಟ್ಟುತ್ತದೆ. ಕಾರ್ಲ್ ಡಂಕರ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞರ ಪ್ರಯೋಗ ಒಂದಿದೆ. 1945ರಲ್ಲಿ ಇಂಗ್ಲಿಷಿಗೆ ಬಂತು, ಅವರು ಅಷ್ಟರಲ್ಲಿ ತೀರಿಹೋಗಿದ್ದರು. ಒಂದು ಮೇಣದಬತ್ತಿ, ಬೆಂಕಿಕಡ್ಡಿ, ಒಂದು ಪೆಟ್ಟಿಗೆ ತುಂಬಾ ಸಣ್ಣ ಮೊಳೆ ಕೊಡುತ್ತಾರೆ. ಬತ್ತಿಯನ್ನು ಗೋಡೆಗೆ ನಿಲ್ಲಿಸಿ ಉರಿಸಬೇಕು. ಜನ ಬತ್ತಿಗೇ ಮೊಳೆ ಹೊಡೆಯಲು ನೋಡುತ್ತಾರೆ, ಮೇಣ ಕರಗಿಸಿ ಅಂಟಿಸಲು ನೋಡುತ್ತಾರೆ. ಉತ್ತರ ಸುಲಭ. ಮೊಳೆ ಚೆಲ್ಲಿ, ಖಾಲಿ ಪೆಟ್ಟಿಗೆಯನ್ನು ಗೋಡೆಗೆ ಹೊಡೆದು, ಅದರ ಮೇಲೆ ಬತ್ತಿ ಇಡುವುದು.

ಇದರಲ್ಲಿ ಒಂದು ಸೊಗಸು ಇದೆ. ಮೊಳೆಗಳನ್ನು ಪೆಟ್ಟಿಗೆಯಿಂದ ಹೊರಗಿಟ್ಟು ಕೊಟ್ಟರೆ ಹೆಚ್ಚು ಜನ ಉತ್ತರ ಕಂಡುಕೊಳ್ಳುತ್ತಾರೆ. ಪೆಟ್ಟಿಗೆ ಅದೇ, ಬತ್ತಿ ಅದೇ. ಒಳಗೆ ಮೊಳೆ ಇದ್ದಾಗ ಅದು ಮೊಳೆ ಇಡುವ ಪೆಟ್ಟಿಗೆ ಅಷ್ಟೇ ಅಂತ ಮನಸ್ಸು ತೀರ್ಮಾನ ಮಾಡಿರುತ್ತದೆ.

ನಾನು ತರಗತಿಯಲ್ಲಿ ಬೆಂಕಿಪೊಟ್ಟಣ ಇಟ್ಟು ಇದನ್ನು ಮಾಡಿಸುತ್ತೇನೆ. ಪರೀಕ್ಷೆಯಲ್ಲಿ ಮುಂದಿರುವ ಮಕ್ಕಳೇ ಇದನ್ನು ಬಿಡಿಸಬೇಕು ಅಂತೇನೂ ಇಲ್ಲ. ಮನೆಯಲ್ಲಿ ಸೈಕಲ್ ರಿಪೇರಿ ಮಾಡುವ, ಕೊಟ್ಟಿಗೆ ಕೆಲಸ ಮಾಡುವ ಮಕ್ಕಳು ಪೊಟ್ಟಣ ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾರೆ. ಇರುವ ವಸ್ತುವಿನಲ್ಲೇ ಕೆಲಸ ಮುಗಿಸುವುದು ಅವರಿಗೆ ರೂಢಿ. ನಮ್ಮ ಪರೀಕ್ಷೆಗಳಲ್ಲಿ ಆ ರೂಢಿಗೆ ಒಂದು ಅಂಕವೂ ಇಲ್ಲ ಅನ್ನುವುದು ನನ್ನ ನಿಜವಾದ ಸಂಕಟ.

ಮೆಕ್ಯಾನಿಕಲ್ ಹುಡುಗ:
ಮೇಷ್ಟ್ರೇ, ನಿಮ್ಮ ತಕರಾರು ಒಪ್ಪಿದೆ. ಹಾಗಾದರೆ ಎರಡನ್ನೂ ಸೇರಿಸಿ ಹೇಳುತ್ತೇನೆ. ಸೋವಿಯತ್ ಒಕ್ಕೂಟದಲ್ಲಿ ಗೆನ್ರಿಖ್ ಆಲ್ಟ್‌ಶುಲ್ಲರ್ ಅಂತ ಒಬ್ಬರಿದ್ದರು. 1946ರಿಂದ ಸಾವಿರಾರು ಪೇಟೆಂಟ್ ಓದಿ, ಜನ ಹೊಸದನ್ನು ಹೇಗೆ ಕಂಡುಹಿಡಿಯುತ್ತಾರೆ ಅಂತ ಹುಡುಕಿದರು. ಅದರಿಂದ ಬಂದದ್ದು ಟ್ರಿಜ್ ಅನ್ನುವ ವಿಧಾನ, 40 ಸೂತ್ರಗಳು. ಅವರ ಮುಖ್ಯ ಮಾತು ಇಷ್ಟು: ಗಟ್ಟಿ ಸಮಸ್ಯೆಯ ಒಳಗೆ ಒಂದು ಜಗಳ ಇರುತ್ತದೆ. ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ಕೆಡುತ್ತದೆ. ಹೆಚ್ಚಿನವರು ನಡುವೆ ಎಲ್ಲೋ ರಾಜಿ ಆಗುತ್ತಾರೆ. ಒಳ್ಳೆಯ ಪರಿಹಾರ ಆ ಜಗಳವನ್ನೇ ಇಲ್ಲದಂತೆ ಮಾಡುತ್ತದೆ.

ದೋಟಿಯನ್ನೇ ತೆಗೆದುಕೊಳ್ಳಿ. ಉದ್ದ ಬೇಕು, ಹಗುರ ಬೇಕು. ಬಿದಿರಿನದು ಉದ್ದ ಮಾಡಿದರೆ ಭಾರ, ಎತ್ತಿ ನಿಲ್ಲಿಸುವುದೇ ಕಷ್ಟ. ಅಲ್ಯೂಮಿನಿಯಂ ಹಗುರ, ಆದರೆ ಉದ್ದ ಜಾಸ್ತಿ ಆದಂತೆ ಬಾಗುತ್ತದೆ, ತುದಿಯ ಕತ್ತಿ ಒಂದು ಕಡೆ ನಿಲ್ಲುವುದಿಲ್ಲ. ಇಲ್ಲಿ ರಾಜಿ ಅಂದರೆ 30 ಅಡಿಗೆ ನಿಲ್ಲಿಸಿ ಸಣ್ಣ ಮರ ಮಾತ್ರ ಕೊಯ್ಯುವುದು. ಕಾರ್ಬನ್ ಫೈಬರ್ ಬಂದಾಗ ಆ ಜಗಳವೇ ಮುಗಿಯಿತು. ಹಗುರವೂ ಹೌದು, ಬಾಗುವುದೂ ಕಡಿಮೆ. ವಿಮಾನಕ್ಕೆ, ರೇಸ್ ಸೈಕಲ್‌ಗೆ ಬಳಸುವ ವಸ್ತು. ಅದನ್ನು ಅಡಿಕೆ ತೋಟಕ್ಕೆ ತಂದ ತಲೆ ಇದೆಯಲ್ಲ, ಅದಕ್ಕೆ ದೊಡ್ಡ ನಮಸ್ಕಾರ.

ತೀರ್ಥಹಳ್ಳಿ ಸೊಸೆ:
ದೋಟಿ ಬಳಸುವವಳಾಗಿ ಬರೆಯುತ್ತಿದ್ದೇನೆ. ಮೊದಲು ಒಂದು ಎಚ್ಚರಿಕೆ, ದಯವಿಟ್ಟು ಎಲ್ಲರೂ ಓದಿ. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ಪ್ಲಾಸ್ಟಿಕ್ ತರಹ ಕಾಣುತ್ತದೆ ಅಂತ ಮೋಸ ಹೋಗಬೇಡಿ. ತೋಟದ ಮೇಲೆ ಅಥವಾ ಪಕ್ಕದಲ್ಲಿ ವಿದ್ಯುತ್ ತಂತಿ ಇದ್ದರೆ ಆ ಸಾಲಿನಲ್ಲಿ ದೋಟಿ ಎತ್ತಲೇಬೇಡಿ. ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದನ್ನು ಮನೆಗೆ ತರಬಾರದು. ಮಾರುವವರು ಇದನ್ನು ಕೆಲವು ಸಲ ಹೇಳುವುದೇ ಇಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ದೋಟಿ ಬಂದ ಮೇಲೆ ಬದಲಾದದ್ದು ಬರೀ ಕೂಲಿಯ ಲೆಕ್ಕ ಅಲ್ಲ. ಮೊದಲು ಕೊಯ್ಲು ಅಂದರೆ ಮರ ಹತ್ತುವವರು ಬಂದ ದಿನ. ಅವರು ಬರುವವರೆಗೆ ಕಾಯಬೇಕು, ಹಣ್ಣಡಿಕೆ ಉದುರಿದರೂ ಸುಮ್ಮನಿರಬೇಕು. ಈಗ ನಾನೇ ಕೊಯ್ಯುತ್ತೇನೆ. ಹೆಂಗಸರು ಅಡಿಕೆ ಸುಲಿಯುತ್ತಾರೆ, ಬೇಯಿಸುತ್ತಾರೆ, ಒಣಗಿಸುತ್ತಾರೆ, ಹೆಕ್ಕುತ್ತಾರೆ, ಆದರೆ ಕೊಯ್ಲು ಮಾತ್ರ ನಮ್ಮ ಕೈಯಲ್ಲಿ ಇರಲಿಲ್ಲ. ಈ ಯಂತ್ರ ಮಾಡಿದವರು ಅದನ್ನು ಯೋಚಿಸಿದ್ದರೋ ಇಲ್ಲವೋ, ನಮ್ಮ ಪಾಲಿಗೆ ಅದೇ ದೊಡ್ಡದು.

ಕಷ್ಟವೂ ಇದೆ. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ, ಭುಜ ಹಿಡಿದುಕೊಳ್ಳುತ್ತದೆ. ಮೇಲೆ ನೋಡುತ್ತಾ ನಿಂತಾಗ ಕಣ್ಣಿಗೆ ಕಸ ಬೀಳುತ್ತದೆ, ಕನ್ನಡಕ ಹಾಕಿಕೊಳ್ಳಿ. ಕೊನೆ ಧೊಪ್ಪೆಂದು ಬೀಳುತ್ತದೆ, ಅದಕ್ಕೆ ಇಬ್ಬರು ಬಲೆ ಹಿಡಿದು ನಿಲ್ಲುತ್ತೇವೆ. ಬಲೆಯ ಉಪಾಯ ನಮ್ಮ ಕೆಲಸದವರ ಮಗಳದು. ಹಳೆಯ ಸೊಳ್ಳೆಪರದೆಯಲ್ಲಿ ಮೊದಲು ಮಾಡಿ ತೋರಿಸಿದಳು, ಆಮೇಲೆ ಗಟ್ಟಿ ಬಲೆ ತಂದೆವು.

ಕಾಸರಗೋಡು ಕನ್ನಡಿಗ:
ಅಕ್ಕನ ಬರಹ ಓದಿ ಮನಸ್ಸು ತುಂಬಿತು. ನಾನು ನೀರಿನ ಕಡೆಗೆ ಹೋಗುತ್ತೇನೆ, ಯಾಕೆಂದರೆ ನಮ್ಮ ಗಡಿನಾಡಿನಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ಬಾಯಾರು, ಮಾಣಿಲ, ಅಡ್ಯನಡ್ಕ ಕಡೆಗೆ ಬಂದರೆ ಸುರಂಗ ನೋಡಬಹುದು. ಬಾವಿ ಅಂದರೆ ಕೆಳಕ್ಕೆ ತೋಡುವುದು ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಇಲ್ಲಿ ಗುಡ್ಡದ ಬದಿಗೆ ಅಡ್ಡಲಾಗಿ ಕೊರೆಯುತ್ತಾರೆ. ಒಬ್ಬ ಮನುಷ್ಯ ನುಗ್ಗುವಷ್ಟು ಅಗಲ, ಬಗ್ಗಿ ನಡೆಯುವಷ್ಟು ಎತ್ತರ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡ ಮಳೆನೀರು ಹೀರಿಕೊಂಡಿರುತ್ತದೆ. ಒಳಗೆ ಪಸೆ ಇರುವ ಜಾಗ ಮುಟ್ಟಿದರೆ ನೀರು ತಾನಾಗಿ ಬಾಯಿಯ ಕಡೆ ಹರಿದು ಬರುತ್ತದೆ, ಯಾಕೆಂದರೆ ನೆಲವನ್ನು ಹೊರಗಡೆಗೆ ಸ್ವಲ್ಪ ಇಳಿಜಾರು ಮಾಡಿರುತ್ತಾರೆ. ಪಂಪು ಬೇಡ, ಕರೆಂಟ್ ಬೇಡ. ಇರಾನಿನ ಕನಾತ್‌ಗಳೂ ಇದೇ ಜಾತಿಯವು.

ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರ ಬಗ್ಗೆ ಕೇಳಿರಬಹುದು. ಅಡಿಕೆ, ತೆಂಗಿನ ಮರ ಹತ್ತುವ ಕೂಲಿ ಕೆಲಸ ಮಾಡುತ್ತಿದ್ದವರು. ಭೂಮಾಲೀಕರೊಬ್ಬರು ಅವರ ದುಡಿಮೆ ನೋಡಿ ಗುಡ್ಡದಲ್ಲಿ ಎರಡು ಎಕರೆ ಬರಡು ಜಾಗ ಕೊಟ್ಟರು. ನೀರಿಲ್ಲ. ಬಾವಿ ತೋಡಿಸಲು ದುಡ್ಡಿಲ್ಲ, ಜೊತೆಗೆ ಜನ ಬೇಕು, ಮಣ್ಣು ಎತ್ತಿ ಹಾಕಬೇಕು. ಸುರಂಗವಾದರೆ ಒಬ್ಬರೇ ಕೊರೆಯಬಹುದು! ಹಗಲು ಕೂಲಿ ಮುಗಿಸಿ ಬಂದು ರಾತ್ರಿ ದೀಪ ಹಚ್ಚಿಕೊಂಡು ಗುಡ್ಡ ಅಗೆದರು. ಒಂದರ ಹಿಂದೆ ಒಂದು ಸುರಂಗ ಒಣಗಿಹೋಯಿತು. ಜನ ಆಡಿಕೊಂಡರು. ಅವರು ಬಿಡಲಿಲ್ಲ, ನೀರು ಬಂತು, ತೋಟ ಎದ್ದಿತು. 2022ರಲ್ಲಿ ಪದ್ಮಶ್ರೀ ಬಂತು.

ಎಲ್ಲರೂ ಅವರ ಛಲದ ಬಗ್ಗೆ ಬರೆಯುತ್ತಾರೆ, ಅದು ಸರಿಯೇ. ನಾನು ಹೇಳುವುದು ಬೇರೆ. "ನನ್ನ ಹತ್ತಿರ ದುಡ್ಡಿಲ್ಲ, ಜನ ಇಲ್ಲ, ಆದರೆ ನನ್ನ ಎರಡು ಕೈ ಮತ್ತು ರಾತ್ರಿ ಇದೆ, ಇಷ್ಟರಲ್ಲಿ ಆಗುವ ದಾರಿ ಯಾವುದು" ಅನ್ನುವ ಲೆಕ್ಕ ಅವರದು. ಸುರಂಗ ಅವರು ಕಂಡುಹಿಡಿದದ್ದಲ್ಲ, ನಮ್ಮ ಕಡೆ ಹಳೆಯದು. ಇರುವ ದಾರಿಗಳಲ್ಲಿ ತನ್ನ ಸ್ಥಿತಿಗೆ ಸರಿಹೊಂದುವುದನ್ನು ಆರಿಸಿದ್ದೂ ಸೃಜನಶೀಲ ಯೋಚನೆಯೇ.

ಅಣ್ಣಿಗೇರಿ ಕಡೆಯವಳು:
ನಮಸ್ಕಾರ ರೀ ಎಲ್ಲರಿಗೂ. ಕಾಸರಗೋಡಿನ ಅಣ್ಣಾರು ಹೇಳಿದ ಸುರಂಗ ನಮ್ಮ ಎರೆ ಹೊಲದಲ್ಲಿ ನಡೆಯುವುದಿಲ್ಲ. ಗುಡ್ಡವೂ ಇಲ್ಲ, ಮುರಕಲ್ಲೂ ಇಲ್ಲ. ಅದಕ್ಕೇ ಒಂದು ಊರಿನ ಉತ್ತರವನ್ನು ಹಾಗೇ ಎತ್ತಿಕೊಂಡು ಇನ್ನೊಂದು ಊರಿಗೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯೋಜನೆ ಮಾಡುವವರು ಇದನ್ನು ಮತ್ತೆ ಮತ್ತೆ ಮಾಡುತ್ತಾರೆ. ಮಣ್ಣು ನೋಡುವುದಿಲ್ಲ, ಮಳೆ ನೋಡುವುದಿಲ್ಲ.

ನಮ್ಮ ಊರಿನ ಅಬ್ದುಲ್ ಖಾದರ್ ನಡಕಟ್ಟಿನವರಿಗೂ ಅದೇ 2022ರಲ್ಲಿ ಪದ್ಮಶ್ರೀ ಬಂದದ್ದು. ಅವರ ಮೊದಲ ಉಪಾಯ ಚಿಕ್ಕ ವಯಸ್ಸಿನದು. ಬೆಳಗ್ಗೆ ಏಳಲು ಆಗುತ್ತಿರಲಿಲ್ಲ. ಅಲಾರಂ ಹೊಡೆದರೂ ಎಚ್ಚರ ಆಗುತ್ತಿರಲಿಲ್ಲ. ಆಗ ಗಡಿಯಾರದ ಕೀಲಿಗೆ ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ನೀರು ತುಂಬಿದ ಬಾಟಲಿಗೆ ಕಟ್ಟಿದರು. ಅಲಾರಂ ಹೊಡೆದಾಗ ಕೀಲಿ ತಿರುಗಿ, ದಾರ ಎಳೆದು, ನೀರು ಮುಖದ ಮೇಲೆ ಬೀಳುತ್ತಿತ್ತು. ಶಬ್ದ ಜಾಸ್ತಿ ಮಾಡುವ ಬದಲು ನೀರಿನ ಕಡೆ ಹೋದರು ನೋಡ್ರಿ.

ಮುಂದೆ ಹುಣಸೆ ಬೆಳೆದರು. ಹುಣಸೆ ಹಣ್ಣಿನಿಂದ ಬೀಜ ಬಿಡಿಸುವುದು ಎಷ್ಟು ಬೇಸರದ ಕೆಲಸ ಅಂತ ಮಾಡಿದವರಿಗೆ ಗೊತ್ತು. ಅದಕ್ಕೆ ಯಂತ್ರ ಮಾಡಿದರು. ಬೀಜ ಮತ್ತು ಗೊಬ್ಬರ ಒಟ್ಟಿಗೆ ಬಿತ್ತುವ ಕೂರಿಗೆ, ಉಳುಮೆಯ ಸಲಕರಣೆ, ನೀರು ಕಾಯಿಸುವ ಬಾಯ್ಲರ್ ಎಲ್ಲ ಮಾಡಿದರು. ನಮ್ಮ ಕಡೆ ಬಿತ್ತನೆಗೆ ಸಿಗುವ ಹದ ಕೆಲವೇ ದಿನ. ಎರೆ ಮಣ್ಣು ಹಸಿ ಇದ್ದರೆ ಕಾಲಿಗೆ ಮೆತ್ತುತ್ತದೆ, ಒಣಗಿದರೆ ಬಿರಿಯುತ್ತದೆ. ಆ ನಡುವಿನ ಹದದಲ್ಲಿ ಬೇಗ ಬೇಗ ಬಿತ್ತಿ ಮುಗಿಸಬೇಕು. ಆ ಅವಸರ ಗೊತ್ತಿದ್ದವರೇ ಅಂಥ ಕೂರಿಗೆ ಮಾಡಬಲ್ಲರು. ಇಂಥ ಯಂತ್ರಕ್ಕೆ ಹೊಲದಲ್ಲಿ ಬೆಳೆದ ತಲೆಯೇ ಬೇಕು ರೀ.

ಬೆಂಗಳೂರು ಕೋಡರ್:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನು ಸಾಫ್ಟ್‌ವೇರ್‌ನವನು, ಅಮ್ಮನ ಊರು ಕೊಪ್ಪ. ಆಫೀಸಿನಲ್ಲಿ "ಐಡಿಯಾ ಕೊಡಿ" ಅಂತ ಮೀಟಿಂಗ್ ಮೇಲೆ ಮೀಟಿಂಗ್. ಗೋಡೆ ತುಂಬಾ ಬಣ್ಣದ ಚೀಟಿ. ಐಡಿಯಾಗಳಿಗೆ ಬರ ಇಲ್ಲ. ಆದರೆ ಯಾವ ಚೀಟಿಯೂ ಪ್ರಯೋಗಕ್ಕೆ ಬರುವುದಿಲ್ಲ, ಕೆಟ್ಟರೆ ಹೊಣೆ ಯಾರು ಅನ್ನುವ ಭಯ. ಈ ಚರ್ಚೆಯಲ್ಲಿ ಬಂದವರನ್ನೆಲ್ಲ ನೋಡಿದರೆ ಅವರಿಗೆ ಸಿಕ್ಕ ದೊಡ್ಡ ಅನುಕೂಲ ಅಂದರೆ ತಮ್ಮದೇ ಜಾಗದಲ್ಲಿ, ತಮ್ಮದೇ ಖರ್ಚಿನಲ್ಲಿ ಮಾಡಿ ನೋಡುವ ಸ್ವಾತಂತ್ರ್ಯ. ಒಣಗಿದ ಸುರಂಗಕ್ಕೆ ನಾಯ್ಕರು ಯಾರಿಗೂ ವರದಿ ಕೊಡಬೇಕಾಗಿರಲಿಲ್ಲ.

ಶಿರಸಿ ಸೀಮೆ:
ತಮ್ಮಾ, ಆ ಮಾತಿಗೆ ಇನ್ನೊಂದು ಮುಖವೂ ಇದೆ. ಸ್ವಾತಂತ್ರ್ಯ ಇತ್ತು, ಆದರೆ ನಷ್ಟ ಪೂರ್ತಿ ಅವರ ಮೇಲೆಯೇ. ನಮ್ಮಂಥವರು ಹೊಸದು ಮಾಡಲು ಹೆದರುವುದು ಅದಕ್ಕೇ. ತೋಟದಲ್ಲಿ ಒಂದು ತಪ್ಪು ಮಾಡಿದರೆ ವರ್ಷದ ಬೆಳೆ ಹೋಗುತ್ತದೆ, ಗಿಡ ತಪ್ಪಿದರೆ ಹತ್ತು ವರ್ಷ. ಗಿಡ್ಡ ತಳಿ ಒಳ್ಳೆಯದು ಅಂತ ಗೊತ್ತಿದ್ದರೂ ಇಡೀ ತೋಟ ಕಡಿದು ಯಾರು ಹಾಕುತ್ತಾರೆ? ನಾನು ಮರ ಸತ್ತ ಜಾಗದಲ್ಲಿ ಮಾತ್ರ ಹಾಕುತ್ತಾ ಬಂದಿದ್ದೇನೆ. ಸಣ್ಣದಾಗಿ ಮಾಡಿ ನೋಡುವ ಜಾಗ ಎಲ್ಲರಿಗೂ ಇರಬೇಕು. ಆಫೀಸಿನಲ್ಲೂ ಅಷ್ಟೇ ಅಲ್ವಾ?

ಬೆಂಗಳೂರು ಕೋಡರ್:
ನಿಜ ಅಣ್ಣ. ಸತ್ತ ಮರದ ಜಾಗ. ನಮ್ಮಲ್ಲಿ ಯಾರೂ ಬಳಸದ ಒಂದು ಹಳೇ ಟೂಲ್ ಇದೆ, ಮೊದಲು ಅದರ ಮೇಲೆ ಮಾಡಿ ನೋಡಲು ಅನುಮತಿ ಕೇಳುತ್ತೇನೆ.

ತೀರ್ಥಹಳ್ಳಿ ಸೊಸೆ:
ಇಷ್ಟು ಜನ ಬುದ್ಧಿವಂತರು ಸೇರಿದ್ದೀರಿ, ನನ್ನದೊಂದು ಸಮಸ್ಯೆ ಬಿಡಿಸಿ. ಅಪ್ಪನ ಮನೆ ಬಂಟ್ವಾಳದ ಕಡೆ, ಅಲ್ಲಿ ಚಾಲಿ ಮಾಡುತ್ತಾರೆ, ಅಂದರೆ ಅಡಿಕೆಯನ್ನು ಬೇಯಿಸದೆ ಸಿಪ್ಪೆ ಸಮೇತ ಒಣಗಿಸುತ್ತಾರೆ. ಹಣ್ಣಡಿಕೆ ಅಂಗಳದಲ್ಲಿ 40–45 ದಿನ ಒಣಗಬೇಕು. ಈಚೆಗೆ ಡಿಸೆಂಬರ್, ಜನವರಿಯಲ್ಲೂ ಅಕಾಲ ಮಳೆ ಬರುತ್ತಿದೆ. ರಾತ್ರಿ ಮಳೆ ಬಂದರೆ ಎಲ್ಲರೂ ಎದ್ದು ಟಾರ್ಪಾಲು ಎಳೆಯಬೇಕು. ಅಪ್ಪ ಅಮ್ಮ ಇಬ್ಬರಿಗೂ ವಯಸ್ಸಾಗಿದೆ. ಟಾರ್ಪಾಲು ಹೊದಿಸಿಟ್ಟರೆ ಒಳಗೆ ಬೆವರು ಕಟ್ಟಿ ಅಡಿಕೆಗೆ ಬೂಸ್ಟು. ತೆಗೆದರೆ ಮಳೆ. ಏನು ಮಾಡುವುದು?

ಮೆಕ್ಯಾನಿಕಲ್ ಹುಡುಗ:
ಅಕ್ಕ, ಇದು ಪಕ್ಕಾ ಆಲ್ಟ್‌ಶುಲ್ಲರ್ ಸಮಸ್ಯೆ. ಹೊದಿಕೆ ಇರಬೇಕು, ಇರಲೂಬಾರದು. ಮೊದಲು ಒಂದು ಪ್ರಶ್ನೆ. ಅಡಿಕೆಗೆ ಬೇಕಾದದ್ದು ಬಿಸಿಲಾ, ಇಲ್ಲಾ ಬಿಸಿ ಒಣಗಾಳಿಯಾ?

ಪುತ್ತೂರು ತೋಟ:
ಒಣಗಲು ಬೇಕಾದದ್ದು ಬಿಸಿ ಮತ್ತು ಗಾಳಿ ಓಡಾಟ. ಹಾಗಾಗಿ ಬಿಸಿಲು ಬಿಡುವ, ಮಳೆ ಬಿಡದ ಹೊದಿಕೆ ಸಾಕು. ನಮ್ಮ ಕಡೆ ಸುಮಾರು ಜನ ಅಂಗಳದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಶೀಟಿನ ಮಾಡು ಮಾಡಿದ್ದಾರೆ, ಪಾಲಿಹೌಸ್ ತರಹ. ಕಬ್ಬಿಣದ ಪೈಪ್ ಅಥವಾ ಅಡಿಕೆ ಮರದ ಸಲಾಕೆಯ ಚೌಕಟ್ಟು. 200 ಮೈಕ್ರಾನಿನ ಯುವಿ ಶೀಟು ಕೇಳಿ ತೆಗೆದುಕೊಳ್ಳಿ. ಸಾಮಾನ್ಯ ಪ್ಲಾಸ್ಟಿಕ್ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಮುಖ್ಯ ವಿಷಯ, ಪೂರ್ತಿ ಮುಚ್ಚಬೇಡಿ. ಕೆಳಗೆ ನಾಲ್ಕೂ ಬದಿ ಗಾಳಿ ಒಳಗೆ ಬರಲು ಜಾಗ ಬಿಡಿ, ಮೇಲೆ ತುದಿಯಲ್ಲಿ ಬಿಸಿ ಗಾಳಿ ಹೊರಗೆ ಹೋಗಲು ಕಿಂಡಿ ಇಡಿ. ಕಿಂಡಿ ಇಲ್ಲದಿದ್ದರೆ ಮತ್ತೆ ಅದೇ ಬೆವರು, ಅದೇ ಬೂಸ್ಟು.

ಕಾಸರಗೋಡು ಕನ್ನಡಿಗ:
ಇಳಿಜಾರು ಜಾಸ್ತಿ ಕೊಡಿ, ಮಳೆನೀರು ಶೀಟಿನ ಮೇಲೆ ನಿಂತರೆ ಜೋತುಬೀಳುತ್ತದೆ. ಬೀಳುವ ನೀರಿಗೆ ಚರಂಡಿಯೂ ಬೇಕು, ಇಲ್ಲದಿದ್ದರೆ ಅಂಗಳದ ಅಂಚಿನ ಅಡಿಕೆ ನೆನೆಯುತ್ತದೆ.

ತೀರ್ಥಹಳ್ಳಿ ಸೊಸೆ:
ಇದು ಆಗುವ ಹಾಗೆ ಕಾಣುತ್ತದೆ. ಇಡೀ ಅಂಗಳಕ್ಕೆ ಬೇಡ, ಈ ವರ್ಷ ಬಾವಿ ಕಡೆಯ ಅರ್ಧಕ್ಕೆ ಮಾತ್ರ ಮಾಡಿಸೋಣ ಅಂತ ಅಪ್ಪನಿಗೆ ಈಗಲೇ ಫೋನ್ ಮಾಡುತ್ತೇನೆ. ಉಳಿದರ್ಧದ ಅಡಿಕೆ ಎದುರಿಗೇ ಇರುತ್ತದೆ, ಯಾವುದು ಬೇಗ ಒಣಗಿತು, ಯಾವುದರಲ್ಲಿ ಬೂಸ್ಟು ಬಂತು ಅಂತ ಸುಲಿದು ನೋಡಬಹುದು. ಪುತ್ತೂರಿನ ಅಣ್ಣಾ, ಮೇಲಿನ ಕಿಂಡಿ ಎಷ್ಟು ಅಗಲ ಇಡುವುದು? ಮಾಡಿಸಿದವರ ಮನೆಯ ಫೋಟೊ ಇದ್ದರೆ ಹಾಕಿ, ಪೈಪ್ ವೆಲ್ಡಿಂಗ್ ಮಾಡುವವರಿಗೆ ತೋರಿಸಲು ಬೇಕು.

ಪುತ್ತೂರು ತೋಟ:
ನಾಳೆ ಪಕ್ಕದ ಮನೆಗೆ ಹೋಗಿ ಟೇಪ್ ಹಿಡಿದು ಅಳೆದು, ಫೋಟೊ ಸಮೇತ ಹಾಕುತ್ತೇನೆ ತಂಗಿ. ಅಂಗಳದ ಉದ್ದ, ಅಗಲ ಎಷ್ಟು, ಯಾವ ದಿಕ್ಕಿಗೆ ಮುಖ ಅಂತ ನೀವೂ ಬರೆಯಿರಿ.